ತೊಟ್ಟಿಯೊಳಗೊಂದು ಜಲಾಂತರ್ಗಾಮಿ



ಬಿತ್ತನೆ ಭತ್ತವನ್ನು ಉಪ್ಪುನೀರಿನಲ್ಲಿ ಆರಿಸುವ ಕ್ರಮ ಕೆ.ಆರ್. ನಗರದ ಗದ್ದೆ ಬಯಲಿನವರಿಗೆ ಹೊಸದಲ್ಲ. ಕೃಷಿ ಇಲಾಖೆಯವರು ಹೇಳಿಕೊಡುವುದೂ ಅದನ್ನೇ. ಬಕೆಟ್ಟಿನ ನೀರಿಗೆ ಒಂದು ಕೋಳಿಮೊಟ್ಟೆ ಬಿಟ್ಟರೆ ಅದು ತಳ ಸೇರುತ್ತದೆ. ಹಿಡಿ ಹಿಡಿ ಉಪ್ಪು ಹಾಕಿ ಕದಡುತ್ತ ಹೋದರೆ ಒಂದು ಹಂತದಲ್ಲಿ ಮೊಟ್ಟೆ ಎದ್ದು ಬಂದು, ನೀರಿನ ಮೇಲೆ ನಾಣ್ಯದಗಲ ತಲೆ ತೋರಿಸುತ್ತದೆ. ಅಲ್ಲಿಗೆ ಉಪ್ಪು ಸಾಕು. ಮೊಟ್ಟೆ ತೆಗೆದು ಭತ್ತ ಸುರಿದರೆ ಜೊಳ್ಳು, ಅರೆಜೊಳ್ಳು ತೇಲುತ್ತವೆ. ಗಟ್ಟಿ ಕಾಳು ಮುಳುಗುತ್ತದೆ. ತೇಲಿದ್ದನ್ನು ಬಳಿದು ಚೆಲ್ಲಿ, ಮುಳುಗಿದ್ದನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆದು ಒಟ್ಲು ಬಿಡುತ್ತಾರೆ.

ಹೀಗೆ ಭತ್ತ ಆರಿಸುವ ಮನೆಯೊಂದರ ಜಗುಲಿಯ ಮೇಲೆ ಒಂಬತ್ತನೇ ತರಗತಿಯ ಹುಡುಗಿ ಗುರುತ್ವದ ಪಾಠದ ಕೊನೆಗೆ ಬರುವ ಪ್ಲವನತೆಯನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಿರಬಹುದು. ‘ದ್ರವದಲ್ಲಿ ಮುಳುಗಿಸಿದ ವಸ್ತುವಿನ ಮೇಲೆ, ಅದು ಸ್ಥಾನಪಲ್ಲಟಗೊಳಿಸಿದ ದ್ರವದ ತೂಕಕ್ಕೆ ಸಮನಾದ...’ ಎಂದು ಅವಳು ತಡವರಿಸುತ್ತಾಳೆ. ಅಂಗಳದಲ್ಲಿ ಭತ್ತ ಬಳಿಯುತ್ತಿರುವ ಅವ್ವನಿಗೆ ಮಗಳು ಓದುತ್ತಿರುವುದು ತನ್ನ ಬಕೆಟ್ಟಿನ ಸಂಗತಿಯೇ ಎಂದು ಹೊಳೆಯುವುದಿಲ್ಲ, ಮಗಳಿಗೂ ಹೊಳೆಯುವುದಿಲ್ಲ. ಇಬ್ಬರನ್ನೂ ಒಂದೇ ತೊಟ್ಟಿಯ ದಂಡೆಗೆ ಕರೆತರಬಲ್ಲ ಒಂದು ಆಟಿಕೆ ಈ ಹೊತ್ತಿನ ಮಾತಿನ ವಿಷಯ. ಆಟಿಕೆಯ ಹೆಸರು ಜಲಾಂತರ್ಗಾಮಿ, ಎಲ್ಲರ ಬಾಯಲ್ಲಿರುವಂತೆ ಸಬ್‌ಮರೀನು.

ಸಮುದ್ರ ಘಟ್ಟದಾಚೆ ಇರುವ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಿಗೆ ಸಬ್‌ಮರೀನು ಏಕೆ ಎಂದು ಯಾರಾದರೂ ಕೇಳಿಯಾರು. ಮುಳುಗುವುದಕ್ಕೆ ಸಮುದ್ರವೇ ಬೇಕೆಂದಿಲ್ಲವಲ್ಲ. ಹುಣಸೂರಿಗೆ ಲಕ್ಷ್ಮಣತೀರ್ಥ ಇದೆ, ಕೆ.ಆರ್. ನಗರಕ್ಕೆ ಕಾವೇರಿ ಇದೆ, ಪಿರಿಯಾಪಟ್ಟಣಕ್ಕೆ ಹಾರಂಗಿ ನಾಲೆಯ ನೀರು ಬರುತ್ತದೆ. ಎಚ್.ಡಿ. ಕೋಟೆಯ ಕಡೆಗಂತೂ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ಅಣೆಕಟ್ಟುಗಳದೇ ಸಾಲು. ಕಬಿನಿಯಲ್ಲಿ ಎಷ್ಟು ಅಡಿ, ಕನ್ನಂಬಾಡಿಯಲ್ಲಿ ಎಷ್ಟು ಅಡಿ ಎಂದು ಬೆಳಗಾಗೆದ್ದು ವಿಚಾರಿಸುವ ಸೀಮೆ ಇದು. ನೀರಿನ ಲೆಕ್ಕ ಇಲ್ಲಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮನೆಮಂದಿ, ಮೇಷ್ಟ್ರು, ಮಕ್ಕಳು ಒಟ್ಟಿಗೆ ಕೂತು ನೀರೊಳಗಿನ ಯಂತ್ರ ಕಟ್ಟುವ ಅಭ್ಯಾಸ ಹೊರಗಿನ ಪ್ರಪಂಚದಲ್ಲಿ ಬೇರೂರಿ ವರ್ಷಗಳಾದವು. 1997ರಲ್ಲಿ ಹ್ಯಾರಿ ಬೋಮ್ ಮತ್ತು ವಿಕಿ ಜೆನ್ಸನ್ ಎಂಬಿಬ್ಬರು ನೀರೊಳಗಿನ ರೋಬೋಟನ್ನು ಮನೆಯಲ್ಲೇ ಮಾಡುವುದು ಹೇಗೆಂದು ಒಂದು ಪುಸ್ತಕ ಬರೆದರು. ಅದರ ಆಧಾರದ ಮೇಲೆ 2003ರಲ್ಲಿ ಅಮೆರಿಕದ ಎಂ.ಐ.ಟಿ.ಯವರು ‘ಸೀಪರ್ಚ್’ ಎಂಬ ಕಾರ್ಯಕ್ರಮ ಶುರುಮಾಡಿದರು. ಅಲ್ಲಿನ ನೌಕಾಪಡೆಯ ಸಂಶೋಧನಾ ಕಚೇರಿ ಹಣ ಕೊಟ್ಟಿತು. ಸಾಮಾನು ಏನೇನು ಎಂದು ಕೇಳಿದರೆ ನಮ್ಮ ಯಾವ ರೈತನೂ ನಕ್ಕುಬಿಟ್ಟಾನು: ಪಿವಿಸಿ ಪೈಪು, ಎಲ್ಬೋ, ಟೀ, ಮೂರು ಚಿಕ್ಕ ಮೋಟಾರು, ಒಂದು ಬ್ಯಾಟರಿ, ಉದ್ದನೆಯ ಕೇಬಲ್ಲು, ಮೂರು ಸ್ವಿಚ್ಚು. ಮೋಟಾರಿಗೆ ನೀರು ಹೋಗದಂತೆ ಅವರು ಮಾಡಿದ ಉಪಾಯವೂ ಅಷ್ಟೇ ಸರಳ. ಕ್ಯಾಮೆರಾ ಫಿಲ್ಮ್ ರೋಲು ಬರುತ್ತಿದ್ದ ಪುಟ್ಟ ಡಬ್ಬಿಯೊಳಗೆ ಮೋಟಾರು ಕೂರಿಸಿ, ಸುತ್ತ ಮೇಣ ತುಂಬಿದರು. ಹನಿ ನೀರಾವರಿ ಮಾಡಿಸಿದ ಪಿರಿಯಾಪಟ್ಟಣದ ಯಾವುದೇ ತೋಟದ ಮನೆಯ ಮೂಲೆಯಲ್ಲಿ ಇದರ ಮುಕ್ಕಾಲುಪಾಲು ಸಾಮಾನು ಬಿದ್ದಿರುತ್ತದೆ.

ಆದರೆ ಮೋಟಾರಿನಿಂದ ಶುರುಮಾಡಬಾರದು. ಪೆನ್ನಿನ ಮುಚ್ಚಳದಿಂದ ಶುರುಮಾಡಬೇಕು.

ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಒಂದು ಬಾಲ್‌ಪೆನ್ನಿನ ಮುಚ್ಚಳ, ಒಂದು ಗೋಲಿಯಷ್ಟು ಜೇಡಿಮಣ್ಣು ಸಾಕು. ಬಹಳಷ್ಟು ಪೆನ್ನಿನ ಮುಚ್ಚಳದ ತುದಿಗೆ ಒಂದು ಸಣ್ಣ ತೂತಿರುತ್ತದೆ. ಮಗು ಅಕಸ್ಮಾತ್ ನುಂಗಿ ಗಂಟಲಲ್ಲಿ ಸಿಕ್ಕಿದರೂ ಉಸಿರಾಡಲಿ ಎಂದು ಬಿಟ್ಟಿರುವ ತೂತು ಅದು. ಅದನ್ನು ಮುಚ್ಚಬೇಕು. ಮುಚ್ಚಳದ ಕಡ್ಡಿಯ ತುದಿಗೆ ಜೇಡಿಮಣ್ಣಿನ ಉಂಡೆ ಅಂಟಿಸಿ, ಬಾಯಿ ಕೆಳಗೆ ಮಾಡಿ, ಒಂದು ಲೋಟ ನೀರಿನಲ್ಲಿ ಬಿಟ್ಟು ನೋಡಬೇಕು. ತಲೆ ಮಾತ್ರ ಕೂದಲೆಳೆಯಷ್ಟು ಮೇಲೆ ಕಾಣುವ ತನಕ ಮಣ್ಣನ್ನು ಹೆಚ್ಚು ಕಡಿಮೆ ಮಾಡಬೇಕು. ಆಮೇಲೆ ಅದನ್ನು ಕಂಠಮಟ್ಟ ನೀರು ತುಂಬಿದ ಬಾಟಲಿಗೆ ಬಿಟ್ಟು ಮುಚ್ಚಳ ತಿರುಗಿಸಿ, ಬಾಟಲಿಯ ಹೊಟ್ಟೆ ಅದುಮಿದರೆ ಪೆನ್ನಿನ ಮುಚ್ಚಳ ಮೆಲ್ಲನೆ ಇಳಿಯುತ್ತದೆ. ಕೈ ಸಡಿಲಿಸಿದರೆ ಏರುತ್ತದೆ. ಕೈ ಪಳಗಿದವರು ಅದನ್ನು ನಟ್ಟನಡುವೆ ನಿಲ್ಲಿಸಿ ತೋರಿಸಬಲ್ಲರು. ಇದೇ ‘ಕಾರ್ಟೀಸಿಯನ್ ಡೈವರ್’. ಫ್ರಾನ್ಸಿನ ದೆಕಾರ್ತನ ಹೆಸರು ಅಂಟಿಕೊಂಡಿದೆಯಾದರೂ 1648ರಲ್ಲಿ ಮೊದಲು ಬರೆದು ವಿವರಿಸಿದವನು ಇಟಲಿಯ ರಫೇಲೊ ಮಾಜಿಯೋಟಿ.

ಇದರಲ್ಲಿ ಮಾಯವೂ ಇಲ್ಲ, ಮಂತ್ರವೂ ಇಲ್ಲ. ಅದುಮಿದ ಒತ್ತಡ ನೀರಿನ ಮೂಲಕ ಮುಚ್ಚಳದೊಳಗೆ ಸಿಕ್ಕಿಕೊಂಡ ಗಾಳಿಗೆ ಮುಟ್ಟುತ್ತದೆ. ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿ ಬಿಟ್ಟ ಜಾಗಕ್ಕೆ ನೀರು ಸೇರಿ ಮುಚ್ಚಳ ಭಾರವಾಗುತ್ತದೆ. ಒಳಗೆ ಕಾಣುವಂಥ ಮುಚ್ಚಳವಾದರೆ ನೀರಿನ ಗೆರೆ ಏರಿ ಇಳಿಯುವುದು ಕಣ್ಣಿಗೇ ಬೀಳುತ್ತದೆ. ಆ ಗೆರೆಯನ್ನು ಕಂಡ ಮಗುವಿಗೆ ಆಮೇಲೆ ಹೆಚ್ಚು ಹೇಳುವ ಕೆಲಸ ಉಳಿಯುವುದಿಲ್ಲ.

ಮೊದಲ ಸಲಕ್ಕೇ ಸರಿಹೋಯಿತೆಂದರೆ ಏನೋ ತಪ್ಪಾಗಿದೆ ಎಂದೇ ತಿಳಿಯಬೇಕು! ಮಣ್ಣು ತುಸು ಹೆಚ್ಚಾದರೆ ಇಳಿದದ್ದು ಮತ್ತೆ ಏಳುವುದಿಲ್ಲ. ಬಾಟಲಿ ಪೂರ್ತಿ ತುಂಬದಿದ್ದರೆ ಎಷ್ಟು ಅದುಮಿದರೂ ಜಪ್ಪಯ್ಯ ಅನ್ನುವುದಿಲ್ಲ, ಏಕೆಂದರೆ ಮೇಲುಳಿದ ಗಾಳಿಯೇ ಒತ್ತಡವನ್ನೆಲ್ಲ ತಿಂದುಹಾಕುತ್ತದೆ. ಜೇಡಿಮಣ್ಣು ಸಿಗದೆ ಚಪಾತಿ ಹಿಟ್ಟು ಅಂಟಿಸಿದರೆ ಅರ್ಧ ಗಂಟೆಯಲ್ಲಿ ನೆಂದು ಕಳಚಿಕೊಳ್ಳುತ್ತದೆ. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಇದಕ್ಕಿಂತ ಒಳ್ಳೆಯ ವಸ್ತು ಇದೆ, ಜೇನುಮೇಣ. ತೂತು ಮುಚ್ಚಲು ಅದರಷ್ಟು ಪಕ್ಕಾ ವಸ್ತು ಬೇರೆ ಸಿಗದು. ಆದರೆ ಭಾರಕ್ಕೆಂದು ಅದನ್ನೇ ಅಂಟಿಸಿದವರು ಪೇಚಿಗೆ ಸಿಕ್ಕಿಬೀಳುತ್ತಾರೆ, ಏಕೆಂದರೆ ಮೇಣ ತಾನೇ ತೇಲುವ ಪದಾರ್ಥ. ಜೇನುತುಪ್ಪ ಹಾಗಲ್ಲ. ಅದು ನೀರಿಗಿಂತ ಸುಮಾರು ಒಂದೂವರೆಪಟ್ಟು ಭಾರ, ಲೋಟದ ನೀರಿಗೆ ಹನಿಸಿದರೆ ದಾರದಂತೆ ನೆಟ್ಟಗೆ ತಳಕ್ಕಿಳಿಯುತ್ತದೆ. ಒಂದೇ ಹುಟ್ಟಿಯಿಂದ ಬಂದ ಎರಡು ಪದಾರ್ಥ, ಒಂದು ತೇಲುತ್ತದೆ, ಒಂದು ಮುಳುಗುತ್ತದೆ. ಜೇನುಕುರುಬರ ಹಿರಿಯರೊಬ್ಬರು ಇದನ್ನು ಮಕ್ಕಳ ಮುಂದೆ ಮಾಡಿ ತೋರಿಸಿದರೆ ಸಾಂದ್ರತೆಯ ಪಾಠಕ್ಕೆ ಬೇರೆ ಮೇಷ್ಟ್ರು ಬೇಡ.

ಎರಡನೆಯ ಹಂತಕ್ಕೆ ಬಾಟಲಿಯೇ ಹಡಗಾಗುತ್ತದೆ. ಇಲ್ಲಿ ದೊಡ್ಡವರೂ ಮೋಸಹೋಗುತ್ತಾರೆ. ಖಾಲಿ ಒಂದು ಲೀಟರ್ ಬಾಟಲಿ ಕೈಗೆ ಹತ್ತಿಯಷ್ಟು ಹಗುರ, ನಾಲ್ಕು ಜಲ್ಲಿಕಲ್ಲು ಹಾಕಿದರೆ ಮುಳುಗೀತು ಎಂದು ಯಾರಿಗಾದರೂ ಅನಿಸುತ್ತದೆ. ನಾಲ್ಕು ಹಾಕಿದರೆ ಮುಳುಗುವುದಿಲ್ಲ, ನಲವತ್ತಕ್ಕೂ ಮುಳುಗುವುದಿಲ್ಲ. ಒಂದು ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕಾದರೆ ಒಟ್ಟು ಒಂದು ಕಿಲೋ ಭಾರ ಬೇಕೇ ಬೇಕು. ಬಾಟಲಿಯ ಮೂರರಲ್ಲಿ ಎರಡು ಪಾಲು ಜಲ್ಲಿ ತುಂಬಿದ ಮೇಲಷ್ಟೇ ಅದು ಮುಳುಗಲು ಒಪ್ಪುತ್ತದೆ.

ಹಾಗೆ ತುಂಬಿದರೆ ಮುಳುಗಿದ್ದು ಮುಳುಗಿಯೇ ಇರುತ್ತದೆ, ಅದು ಸಬ್‌ಮರೀನು ಆಗಲಿಲ್ಲ. ಬೇಕಾದಾಗ ಮುಳುಗಿ ಬೇಕಾದಾಗ ಏಳಬೇಕಾದರೆ ಕಲ್ಲನ್ನು ಹೊರಗೆ, ಬಾಟಲಿಯ ಹೊಟ್ಟೆಯಡಿಗೆ ಕಟ್ಟಬೇಕು. ಅಡಿಯಲ್ಲೇ ಎರಡು ಮೂರು ತೂತು ಕೊರೆಯಬೇಕು. ಮುಚ್ಚಳಕ್ಕೆ ಒಂದು ಸಣ್ಣ ಟ್ಯೂಬು ತೂರಿಸಿ ಸುತ್ತ ಮೇಣ ಹಚ್ಚಬೇಕು. ಅಕ್ವೇರಿಯಮ್ಮಿನ ಟ್ಯೂಬಾದರೂ ಸರಿ, ಮೆಡಿಕಲ್ ಅಂಗಡಿಯಿಂದ ಹೊಸದಾಗಿ ತಂದ ಡ್ರಿಪ್ ಸೆಟ್ಟಿನ ಟ್ಯೂಬಾದರೂ ಸರಿ. ಬಳಸಿದ ಡ್ರಿಪ್ ಸೆಟ್ಟನ್ನೋ ಸಿರಿಂಜನ್ನೋ ಮಕ್ಕಳ ಕೈಗೆ ಕೊಡಬೇಡಿ, ದನದ ಡಾಕ್ಟರು ಬಿಟ್ಟುಹೋದದ್ದನ್ನೂ ಕೊಡಬೇಡಿ. ತೂತುಗಳಿಂದ ನೀರು ನುಗ್ಗಿ ಬಾಟಲಿ ಮುಳುಗುತ್ತದೆ. ಟ್ಯೂಬಿನಲ್ಲಿ ಗಾಳಿ ಊದಿದರೆ ಅದೇ ತೂತುಗಳಿಂದ ನೀರು ಹೊರಬಿದ್ದು ಬಾಟಲಿ ಏಳುತ್ತದೆ.

ಎಷ್ಟು ಊದಬೇಕು? ಈ ಪ್ರಶ್ನೆಗೆ ಅಜ್ಜಿಯನ್ನು ಕರೆಯಬೇಕು. ಸೇದುವ ಬಾವಿಯ ಕಾಲದವರಿಗೆ ಗೊತ್ತು, ತುಂಬಿದ ಕೊಡ ನೀರೊಳಗಿರುವ ತನಕ ಹಗ್ಗಕ್ಕೆ ಭಾರವೇ ಇಲ್ಲ. ನೀರು ಬಿಟ್ಟು ಮೇಲೆದ್ದ ಕ್ಷಣ ರಟ್ಟೆಗೆ ಪೆಟ್ಟು ಬೀಳುತ್ತದೆ. ಕಲ್ಲಿಗೂ ಹಾಗೆಯೇ. 300 ಗ್ರಾಂ ತೂಗುವ ಕರಿಕಲ್ಲು ನೀರೊಳಗೆ ಸುಮಾರು 190 ಗ್ರಾಮಿನಷ್ಟೇ ಜಗ್ಗುತ್ತದೆ. ಬಾಟಲಿಯ ಪ್ಲಾಸ್ಟಿಕ್ಕಿನ ಭಾರವನ್ನೂ ಸೇರಿಸಿಕೊಂಡರೆ ಒಳಗೆ 200 ಮಿಲಿಲೀಟರ್ ಗಾಳಿ ನಿಂತಾಗ ಹಡಗು ಏಳಬೇಕು. ತಕ್ಕಡಿ ಹಿಡಿದು, ಅಳತೆಯ ಲೋಟ ಹಿಡಿದು ಮನೆಯವರೆಲ್ಲ ಈ ಲೆಕ್ಕ ಕೂಡಿಸಿ, ಆಮೇಲೆ ಊದಿ ನೋಡಿ, ಲೆಕ್ಕ ಎಷ್ಟು ತಪ್ಪಿತೆಂದು ಜಗಳ ಆಡುವುದೇ ಈ ಆಟದ ಸೊಗಸು. ಸೇದುವ ಬಾವಿಯೂ ಕೊಡವೂ ಇಲ್ಲದ ಮನೆಯ ಮಗುವಿಗೆ ಆ ಅನುಭವ ದಾಟಿಸಲು ಅಜ್ಜಿಯ ಹೊರತು ಬೇರೆ ಪುಸ್ತಕ ಇಲ್ಲ.

ನಿಜವಾದ ಜಲಾಂತರ್ಗಾಮಿಯೂ ಇಷ್ಟನ್ನೇ ಮಾಡುತ್ತದೆ. ನಮ್ಮ ನೌಕಾಪಡೆಯ ಕಲ್ವರಿ ಮಾದರಿಯ ನೌಕೆಗಳನ್ನು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದರು. ಮೊದಲನೆಯದು 2017ರ ಡಿಸೆಂಬರಿನಲ್ಲಿ ಸೇವೆಗೆ ಸೇರಿತು, ಆರನೆಯದಾದ ವಾಗ್‌ಶೀರ್ 2025ರ ಜನವರಿಯಲ್ಲಿ. ಉದ್ದ 67.5 ಮೀಟರ್. ಮೇಲೆ ತೇಲುವಾಗ ಸುಮಾರು 1,600 ಟನ್ ಇರುವುದು ಮುಳುಗಿದಾಗ ಸುಮಾರು 1,775 ಟನ್ ಆಗುತ್ತದೆ. ನಡುವಿನ ವ್ಯತ್ಯಾಸವೆಲ್ಲ ತೊಟ್ಟಿಗಳಿಗೆ ಬಿಟ್ಟುಕೊಂಡ ಸಮುದ್ರದ ನೀರು. ಇವುಗಳಲ್ಲೊಂದಾದ ಖಂಡೇರಿಯಲ್ಲಿ ಆಗಿನ ರಕ್ಷಣಾ ಸಚಿವ ರಾಜನಾಥ ಸಿಂಗ್ 2022ರ ಮೇ ತಿಂಗಳಲ್ಲಿ ನಮ್ಮ ಕಾರವಾರದಿಂದಲೇ ಹೊರಟು ಮುಳುಗಿ ಬಂದರು.

ಕಾರವಾರದ ಹೆಸರು ಬಂದದ್ದರಿಂದ ಮತ್ತೆ ಕೆ.ಆರ್. ನಗರದ ಉಪ್ಪುನೀರಿನ ಬಕೆಟ್ಟಿಗೆ ಬರಬೇಕಾಗುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಭಾರ. ಉಪ್ಪುನೀರಿನಲ್ಲಿ ಏಳದೆ ಮುಳುಗದೆ ಸಮವಾಗಿ ನಿಂತ ಕಲ್ವರಿಯನ್ನು ಹಾಗೇ ಎತ್ತಿ ಕಬಿನಿಗೆ ಬಿಟ್ಟರೆ ಅದು ಸಮವಾಗಿ ನಿಲ್ಲುವುದಿಲ್ಲ. ನಲವತ್ತು ಟನ್ನಿಗೂ ಹೆಚ್ಚು ನೀರು ಹೊರಹಾಕದಿದ್ದರೆ ತಳ ಕಾಣುತ್ತದೆ. ಮಳೆಗಾಲದಲ್ಲಿ ಕಾಳಿ ನದಿ ಕಾರವಾರದಲ್ಲಿ ಸಮುದ್ರ ಸೇರುವಂಥ ಕಡೆಗಳಲ್ಲಿ ಸಿಹಿನೀರು ಮೇಲೆ ಹರಡಿಕೊಳ್ಳುವುದರಿಂದ ನಾವಿಕರು ಈ ಲೆಕ್ಕ ತಪ್ಪುವಂತಿಲ್ಲ. ಮೊಟ್ಟೆ ಏಳುವ ತನಕ ಉಪ್ಪು ಹಾಕುವ ರೈತ ಮಹಿಳೆ ಮಾಡುವುದೂ ಇದೇ ಲೆಕ್ಕವನ್ನೇ. ಅವಳು ನೀರಿನ ಭಾರ ಬದಲಿಸುತ್ತಾಳೆ, ನಾವಿಕರು ಹಡಗಿನ ಭಾರ ಬದಲಿಸುತ್ತಾರೆ.

ಇನ್ನು ಮೋಟಾರು. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಕೊಳವೆಬಾವಿಗೆ ಇಳಿಬಿಟ್ಟಿರುವ ಪಂಪಿಗೆ ಎಲ್ಲರೂ ಹೇಳುವ ಹೆಸರು ‘ಸಬ್‌ಮರ್ಸಿಬಲ್ ಮೋಟಾರು’. ಹೆಸರಿನಲ್ಲೇ ಸಬ್‌ಮರೀನಿನ ನಂಟಿದೆ. ನೀರಿನ ಮಟ್ಟಕ್ಕಿಂತ ಇನ್ನೂರು ಅಡಿ ಕೆಳಗೆ ಕೂತ ಮೋಟಾರಿನ ಮೇಲೆ ನಾವು ಮೇಲೆ ಹೊರುವ ಗಾಳಿಯ ಒತ್ತಡಕ್ಕಿಂತ ಆರುಪಟ್ಟು ಹೆಚ್ಚುವರಿ ಒತ್ತಡ ಬೀಳುತ್ತದೆ. ಪ್ರತಿ ಹತ್ತು ಮೀಟರಿಗೆ ಒಂದರಂತೆ ಲೆಕ್ಕ. ಅಷ್ಟು ಒತ್ತಡದಲ್ಲಿ ವರ್ಷಗಟ್ಟಲೆ ಅದು ಬಾಳುವುದು ಹೇಗೆ? ನೀರು ಒಳಗೆ ಹೋಗದಂತೆ ಬಿಗಿಮಾಡಿರುವುದರಿಂದ ಎಂದು ಬಹಳ ಜನ ಉತ್ತರ ಕೊಟ್ಟಾರು. ಮೆಕ್ಯಾನಿಕ್ಕನ್ನು ಕೇಳಿದರೆ ಬೇರೆಯೇ ಹೇಳುತ್ತಾನೆ: ಅನೇಕ ಮೋಟಾರುಗಳಿಗೆ ಇಳಿಸುವ ಮೊದಲೇ ಅವನೇ ಕೈಯಾರೆ ಒಳಗೆ ಶುದ್ಧ ನೀರು ತುಂಬಿರುತ್ತಾನೆ. ಒಳಗೂ ನೀರು, ಹೊರಗೂ ನೀರು, ಹಾಗಾಗಿ ಒತ್ತಡ ಎರಡೂ ಕಡೆ ಸಮ. ಸುತ್ತಿದ ತಂತಿಗೆ ಪ್ಲಾಸ್ಟಿಕ್ ಹೊದಿಕೆ. ಸೋಲುವುದು ಹೆಚ್ಚಾಗಿ ಕೇಬಲ್ಲಿನ ಜಾಯಿಂಟಿನಲ್ಲಿ. ಅದಕ್ಕೇ ಅವನು ಜಾಯಿಂಟಿನ ಮೇಲೆ ಟೇಪು ಸುತ್ತುವಾಗ ಯಾರು ಮಾತಾಡಿಸಿದರೂ ತಿರುಗಿ ನೋಡುವುದಿಲ್ಲ. ಇಂಥ ಮೆಕ್ಯಾನಿಕ್ಕನ್ನು ಭಾನುವಾರ ಒಂದು ಗಂಟೆ ಶಾಲೆಗೆ ಕರೆಯಿಸಿ, ಮಕ್ಕಳ ಮುಂದೆ ಒಂದು ಜಾಯಿಂಟು ಹಾಕಿಸಬೇಕು. ಯಾವ ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ್ಕೂ ಅದು ಕಡಿಮೆಯಲ್ಲ.

ಮಕ್ಕಳ ಹಡಗಿಗೆ ಮಾತ್ರ ಆಟದ ಕಾರಿನ ಮೂರು ವೋಲ್ಟಿನ ಮೋಟಾರು, ಟಾರ್ಚಿನ ಸೆಲ್ಲು. ಮನೆಯ ಕರೆಂಟಿಗೆ ಸಿಕ್ಕಿಸಿದ ಯಾವುದನ್ನೂ ತೊಟ್ಟಿಯ ಹತ್ತಿರ ತರಕೂಡದು.

ರಿಮೋಟು ಹಾಕಿದರೆ ಆಗದೆ ಎಂದು ಮಕ್ಕಳು ಕೇಳುತ್ತವೆ. ಆಗುವುದಿಲ್ಲ. ಆಟದ ವಿಮಾನದ ರಿಮೋಟಿನ ರೇಡಿಯೋ ಅಲೆ ನೀರಿನಲ್ಲಿ ಕೆಲವೇ ಬೆರಳಿನಷ್ಟು ಆಳಕ್ಕೆ ಸತ್ತುಹೋಗುತ್ತದೆ. ಈ ಭಾಷಣ ಹೊತ್ತು ತರುವ ಎಫ್.ಎಂ. ಅಲೆಯ ಗತಿಯೂ ಅದೇ. ರೇಡಿಯೋವನ್ನು ಜಲನಿರೋಧಕ ಚೀಲದಲ್ಲಿ ಹಾಕಿ ಕಬಿನಿಯ ತಳಕ್ಕಿಳಿಸಿದರೆ ಮಾತು ನಿಲ್ಲುತ್ತದೆ. ಮುಳುಗಿದ ನೌಕೆಗೆ ಸುದ್ದಿ ಮುಟ್ಟಿಸಲೆಂದೇ ನೌಕಾಪಡೆ ತಿರುನೆಲ್ವೇಲಿ ಹತ್ತಿರದ ವಿಜಯನಾರಾಯಣಂನಲ್ಲಿ ಕಟ್ಟಬೊಮ್ಮನ್ ಎಂಬ ಕೇಂದ್ರವನ್ನು 1990ರಲ್ಲಿ ಆರಂಭಿಸಿತು. ಅಲ್ಲಿಂದ ಹೊರಡುವ ಅತಿ ಕಡಿಮೆ ಕಂಪನದ ಅಲೆಗಳು ಮಾತ್ರ ಸಮುದ್ರದ ನೀರನ್ನು ಒಂದಷ್ಟು ಮೀಟರ್ ಭೇದಿಸಬಲ್ಲವು. ಸೀಪರ್ಚ್‌ನವರು ಉದ್ದನೆಯ ಕೇಬಲ್ಲು ಬಿಟ್ಟದ್ದೂ ಇದೇ ಕಾರಣಕ್ಕೆ.

ನಡುವೆ ಒಂದು ಕಥೆಯ ಮಾತು. ಕಥಾಲೋಕದ ಅತಿ ಪ್ರಸಿದ್ಧ ಜಲಾಂತರ್ಗಾಮಿ ಜೂಲ್ಸ್ ವರ್ನನ ನಾಟಿಲಸ್; ಅದರ ಕಥೆ 1870ರಲ್ಲಿ ಪುಸ್ತಕವಾಯಿತು. ಅದರ ಕ್ಯಾಪ್ಟನ್ ನೆಮೊ ಯಾರೆಂದು ವರ್ನ್ ಆಗ ಬಿಟ್ಟುಕೊಡಲಿಲ್ಲ. ಕೆಲವು ವರ್ಷಗಳ ನಂತರ ಬಂದ ‘ನಿಗೂಢ ದ್ವೀಪ’ ಕಾದಂಬರಿಯಲ್ಲಿ ಗುಟ್ಟು ಒಡೆದ: ನೆಮೊ ಭಾರತದ ಬುಂದೇಲಖಂಡದ ರಾಜಕುಮಾರ ದಕ್ಕಾರ್, ಮೈಸೂರಿನ ಟಿಪ್ಪು ಸುಲ್ತಾನನ ಬಂಧು! 1857ರ ದಂಗೆಯಲ್ಲಿ ಹೋರಾಡಿ ಸೋತವನು. ಟಿಪ್ಪು ಮಡಿದದ್ದು 1799ರಲ್ಲಿ, ವಯಸ್ಸಿನ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ. ಹೊಂದದಿದ್ದರೇನು, ಮೈಸೂರು ಸೀಮೆಯ ಮಕ್ಕಳು ತಮ್ಮ ಬಾಟಲಿ ಹಡಗಿಗೆ ನೆಮೊ ಎಂದು ಹೆಸರಿಟ್ಟರೆ ಆಕ್ಷೇಪಿಸುವವರು ಯಾರೂ ಇಲ್ಲ.

ಹೀಗೆ ಕೈಯಿಂದ ಮಾಡಿ ಕಲಿಯುವುದಕ್ಕೆ ನಮ್ಮಲ್ಲಿ ದಾರಿ ಹಾಕಿದವರು ಇದ್ದಾರೆ. ಮಧ್ಯಪ್ರದೇಶದಲ್ಲಿ 1972ರಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಬೋಧನೆಯ ಪ್ರಯೋಗದಿಂದ ಪ್ರೇರಣೆ ಪಡೆದ ಅರವಿಂದ ಗುಪ್ತಾ ಬೆಂಕಿಕಡ್ಡಿ, ಸೈಕಲ್ ವಾಲ್ವಿನ ರಬ್ಬರಿನಿಂದ ನೂರಾರು ಆಟಿಕೆ ಮಾಡಿ ದೇಶಕ್ಕೆಲ್ಲ ಹಂಚಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಲ್ಲಿ ಹುಟ್ಟಿತು, ‘ಬಾಲವಿಜ್ಞಾನ’ ಪತ್ರಿಕೆ ಹಳ್ಳಿ ಶಾಲೆಗಳಿಗೆ ತಲುಪಿತು. ಮೈಸೂರಿನಲ್ಲಿದ್ದು ರಸಾಯನಶಾಸ್ತ್ರ ಪಾಠ ಹೇಳಿದ ಜೆ.ಆರ್. ಲಕ್ಷ್ಮಣರಾವ್ ಆರ್ಕಿಮಿಡೀಸನ ಮೇಲೆ ಕನ್ನಡದಲ್ಲೇ ಪುಸ್ತಕ ಬರೆದರು. ಇತ್ತೀಚಿನ ಕಲಿಕಾ ಹಬ್ಬಗಳಲ್ಲಿ ‘ಮಾಡು-ಆಡು’ ಎಂಬ ಒಂದು ಮೂಲೆಯೇ ಇತ್ತು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕಿದ ಶಾಲೆಗಳಲ್ಲಿ ಆರರಿಂದ ಹನ್ನೆರಡನೇ ತರಗತಿಯವರಿಗೆ ಉಪಕರಣಗಳಿವೆ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರು ನಡೆಸುವ ಸಮುದಾಯ ಬಾನುಲಿ ‘ಜನಧ್ವನಿ’ ಇದೆ, ಅವರದೇ ಶಾಲೆ ಹೊಸಹಳ್ಳಿಯಲ್ಲಿದೆ. ಬಾನುಲಿಯ ಕಥೆಯನ್ನೇ ನೋಡಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಕಟ್ಟಿದರು. ಆಕಾಶವಾಣಿ ಎಂಬ ಹೆಸರು ಬೆಳೆದದ್ದು ಅಲ್ಲಿಂದ.

ಇವೆಲ್ಲದರಲ್ಲೂ ಒಂದು ಕೊರತೆ ಕಾಣುತ್ತದೆ. ಮಕ್ಕಳಿಗೆ ಕರೆಯಿದೆ, ಅಪ್ಪ ಅವ್ವನಿಗೆ ಇಲ್ಲ. ಶಾಲೆಯ ವಸ್ತುಪ್ರದರ್ಶನಕ್ಕೆ ಬರುವ ಪೋಷಕರು ಕೈಕಟ್ಟಿ ನಿಂತು, ಮಗು ಒಪ್ಪಿಸುವುದನ್ನು ಕೇಳಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅದೇ ಅಪ್ಪ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಐದಾರು ರಾತ್ರಿ ನಿದ್ದೆಗೆಟ್ಟು, ಬ್ಯಾರನ್ನಿನ ಥರ್ಮಾಮೀಟರ್ ನೋಡುತ್ತ 90 ಡಿಗ್ರಿ ಫ್ಯಾರನ್‌ಹೀಟಿನಿಂದ 160ರ ತನಕ ಕಾವನ್ನು ಹಂತಹಂತವಾಗಿ ಏರಿಸುತ್ತಾನೆ. ಅವ್ವ ಸರದಿಯಲ್ಲಿ ಎದ್ದು ನೋಡುತ್ತಾಳೆ. ಅಳೆಯುವುದು, ಕಾಯುವುದು, ತಪ್ಪಿದರೆ ತಿದ್ದುವುದು ಅವರ ಬದುಕೇ ಆಗಿದೆ. ಅಂಥವರನ್ನು ಪ್ರೇಕ್ಷಕರಾಗಿ ನಿಲ್ಲಿಸುವುದು ನಷ್ಟದ ಬಾಬ್ತು.

ಹಾಗಾಗಿ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ವಿಜ್ಞಾನ ಸಂಘಕ್ಕೆ ಮಗುವಿನ ಹೆಸರೊಂದೇ ಬರೆದುಕೊಳ್ಳಬೇಡಿ, ಮನೆಯ ಹೆಸರು ಬರೆದುಕೊಳ್ಳಿ. ನಾಟಿ, ಹೊಗೆಸೊಪ್ಪಿನ ಕೆಲಸ ಮುಗಿದು ಕೈ ಬಿಡುವಾಗುವ ಜನವರಿಯಿಂದ ಮಾರ್ಚಿನ ನಡುವೆ ಎರಡು ಮೂರು ಭಾನುವಾರ ಗೊತ್ತುಮಾಡಿ. ಮೊದಲ ವಾರ ಪೆನ್ನಿನ ಮುಚ್ಚಳ, ಎರಡನೆಯ ವಾರ ಬಾಟಲಿ, ಹುರುಪು ಉಳಿದರೆ ಮೂರನೆಯ ವಾರ ಪೈಪು ಮೋಟಾರು. ನಾಲೆ, ಕೆರೆ, ಹಿನ್ನೀರಿನ ದಂಡೆಗೆ ಯಾವ ಕಾರಣಕ್ಕೂ ಹೋಗಬೇಡಿ. ದನದ ತೊಟ್ಟಿ ಅಥವಾ ಇನ್ನೂರು ಲೀಟರಿನ ಡ್ರಮ್ಮು ಈ ಹಡಗಿಗೆ ಮಹಾಸಾಗರ. ಆಟ ಮುಗಿದ ಮೇಲೆ ಡ್ರಮ್ಮಿನ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬೋರಲು ಹಾಕಿ. ತೊಟ್ಟಿಯಾದರೆ ಮುಚ್ಚಳ ಹಾಕಿ, ಎಳೆಮಕ್ಕಳು ಬಗ್ಗಿ ನೋಡುತ್ತವೆ.